ಗೆರೆಯಲ್ಲೊಂದು ತಗ್ಗು

ನಾಪೋಕ್ಲಿನ ಗುಡ್ಡದಿಂದ ಮೂರ್ನಾಡು ಕಡೆಯ ಗುಡ್ಡಕ್ಕೆ
ಗಾಳಿಯಲ್ಲಿ ನಮ್ಮದೊಂದು ದಾರಿ.
ಆಸ್ಪತ್ರೆ, ಬ್ಯಾಂಕು, ಎರಡು ಶಾಲೆ,
ಆನೆ ಬಂತೆಂದು ಹೇಳುವ ಏಳು ಕ್ಯಾಮೆರಾ,
ಎಲ್ಲಾ ಅದರ ಮೇಲೇ ಓಡಾಡುತ್ತವೆ.
ಬೇಸಗೆಯಿಡೀ ತಂಟೆಯಿಲ್ಲ.
ಪರದೆಯ ಮೇಲೆ ಗೆರೆ, ಈ ಕೊನೆಯಿಂದ ಆ ಕೊನೆಗೆ,
ಸಗಣಿ ಸಾರಿಸಿದ ಕಣದಷ್ಟು ಸಮ.

ಕಕ್ಕಡದಲ್ಲಿ ಕೆಡುತ್ತದೆ.
ಮಳೆಯಿಂದ ಅಂದುಕೊಂಡಿದ್ದೆ ಮೊದಲ ವರ್ಷ.
ಮಳೆಯಲ್ಲ,
ನಾಟಿಗೆಂದು ನೀರು ಕಟ್ಟಿದ ಗದ್ದೆ.
ಗುಡ್ಡದಿಂದ ಹೊರಟದ್ದು ನೆಟ್ಟಗೊಂದು ಬರುತ್ತದೆ,
ಗದ್ದೆಯ ಕನ್ನಡಿಗೆ ಬಿದ್ದು ಎದ್ದು ಇನ್ನೊಂದು,
ಕೂದಲೆಳೆಯಷ್ಟು ತಡವಾಗಿ.
ಕೆಲವು ಕಂಪನಗಳಲ್ಲಿ ಇಬ್ಬರೂ ಹೆಗಲು ಕೂಡಿಸುತ್ತಾರೆ.
ಕೆಲವುದರಲ್ಲಿ ಒಬ್ಬ ಏರುವಾಗ ಒಬ್ಬ ಇಳಿದು
ಅಲ್ಲಿ ಏನೂ ಉಳಿಯುವುದಿಲ್ಲ.
ಗೆರೆಯ ನಡುವೆ ತಗ್ಗು,
ಯಾರೋ ಹೆಬ್ಬೆರಳಿಂದ ಒತ್ತಿದ ಹಾಗೆ.

'ಪವರ್ ಜಾಸ್ತಿ ಮಾಡೋಣ್ವಾ ಮೇಡಂ?'
ಹೊಸದಾಗಿ ಸೇರಿದ ಉನೈಸ್ ಕೇಳಿದ.
ಮಾಡಿದರೆ ದಿಬ್ಬ ಇನ್ನೂ ದಿಬ್ಬವಾಗುತ್ತದೆ ಮಾರಾಯ,
ತಗ್ಗು ತಗ್ಗಾಗಿಯೇ ಇರುತ್ತದೆ.
ಗೊತ್ತಿರುವ ಮಾತೊಂದನ್ನು ಮೊದಲು ಕಳಿಸು.
ಏನು ತಲುಪಿತು, ಎಲ್ಲಿ ಎಷ್ಟು ಸವೆಯಿತು, ನೋಡು.
ಸವೆದಲ್ಲಿ ಮಾತ್ರ ಎತ್ತು, ಸವೆದಷ್ಟೇ.
ತೀರಾ ಆಳಕ್ಕೆ ಹೋದಲ್ಲಿ ಕೈ ಹಾಕಬೇಡ.
ಸಿಗ್ನಲ್ ಸತ್ತ ಕಡೆ ಎಳೆದೆಳೆದು ಎತ್ತಿದರೆ
ಬರುವುದು ಬರೀ ಗೊರಗೊರ,
ಬತ್ತಿದ ಬಾವಿಯಿಂದ ಕೊಡದ ತುಂಬ ಕೆಸರು.

ಟವರ್ ಕಾಯುವ ಉತ್ತಯ್ಯ ಫಿರಂಗಿ ದಳದವರು.
ಇಪ್ಪತ್ತೆರಡು ವರ್ಷ ತೋಪಿನ ಪಕ್ಕ ನಿಂತ ಕಿವಿ.
ಗುಡುಗು ಕೇಳುತ್ತದೆ, ದುಡಿ ಕೇಳುತ್ತದೆ,
ಜೀಪು ಯಾವ ಗೇರಿನಲ್ಲಿ ಹತ್ತುತ್ತಿದೆ
ಕಣ್ಣು ಮುಚ್ಚಿಯೇ ಹೇಳುತ್ತಾರೆ.
ಜೀರುಂಡೆ ಇಲ್ಲ. ಕುಕ್ಕರಿನ ಸೀಟಿ ಇಲ್ಲ.
ಸ ಇಲ್ಲ, ಶ ಇಲ್ಲ.
ಮಿಲಿಟರಿ ಕೊಟ್ಟ ಕಿವಿಯಂತ್ರ ಮೇಜಿನ ಖಾನೆಯಲ್ಲಿ.
'ಎಲ್ಲವನ್ನೂ ಒಟ್ಟಿಗೆ ಕಿರುಚಿಸುತ್ತದೆ ಅದು.'

ಒಂದು ಸಂಜೆ ಕಾಫಿಗೆ ಕರೆದರು.
ಚೋಂದವ್ವ ಗಂಡನ ಕಡೆ ತಿರುಗಿ,
ದನಿ ಏರಿಸದೆ: 'ಬೆಲ್ಲ ಹಾಕಲಾ?'
ಹಾಕಿದ್ದು ಸಕ್ಕರೆ.

ಪೇಟೆಗೆ ಹೋಗುವುದು ಶುಕ್ರವಾರವಲ್ಲ,
'ಗುರುವಾರದ ಮಾರನೇ ದಿನ'.
ನಾಯಿ ಮೊದಲು ಸೀಸರ್ ಆಗಿತ್ತಂತೆ, ಈಗ ಗುಂಡ.
ಆ ಮನೆಯ ಮಾತಿನಿಂದ ಒಂದೆರಡು ಅಕ್ಷರ
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿಟ್ಟಿದೆ,
ಉಳಿದ ಅಕ್ಷರಗಳು ಅವುಗಳ ಹೊರೆಯನ್ನೂ ಹೊತ್ತು ನಡೆಯುತ್ತಿವೆ.
'ಬೇಕೆಂದೇ ಹೀಗೆ ಹೇಳುತ್ತೀರಾ?' ಕೇಳಿದೆ.
'ಹೇಗೆ?' ಅಂದರು ಚೋಂದವ್ವ.

ರಾತ್ರಿ ಗುಡ್ಡ ಹತ್ತಿ
ಪಕ್ಕದ ಇಳಿಜಾರುಗಳನ್ನಷ್ಟೇ ಒಂಚೂರು ಎತ್ತಿದೆ.
ತಗ್ಗಿನ ತಳದ ನಾಲ್ಕು ಕಂಪನಗಳಲ್ಲಿ
ಏನನ್ನೂ ಹೇಳಬೇಡ ಎಂದೆ ಆ ಕೊನೆಗೆ.
ಅಲ್ಲಿ ಹೇಳಬೇಕಿದ್ದನ್ನು
ಗಟ್ಟಿ ನೆಲದ ಮೇಲಿನವಕ್ಕೆ ಹಂಚಿದೆ.
ಹನ್ನೊಂದೂವರೆಗೆ ಚೇರಂಬಾಣೆ ಕಡೆಯ ಕ್ಯಾಮೆರಾ ಕಣ್ಣು ಬಿಟ್ಟಿತು:
ಆನೆ ಇಲ್ಲ. ಒಂದು ಒದ್ದೆ ಬೇಲಿ,
ಚೂರೂ ಅಲುಗದೆ.

ಕೈಲ್‌ಪೊಳ್ದ್ ಹೊತ್ತಿಗೆ ಪೈರು ನೀರನ್ನು ಮುಚ್ಚಿತು.
ಕನ್ನಡಿ ಹೋಯಿತು, ತಗ್ಗು ತಾನಾಗಿ ತುಂಬಿತು.
ನನ್ನ ಲೆಕ್ಕಗಳನ್ನೆಲ್ಲ ಬಿಚ್ಚಿ
ಮುಂದಿನ ಕಕ್ಕಡಕ್ಕೆಂದು ಮಡಿಸಿಟ್ಟೆ.
ಹಬ್ಬದ ದಿನ ಕೋವಿಗೆ ತೋಕ್‌ಪೂ ಸಿಕ್ಕಿಸುತ್ತಾ
ಉತ್ತಯ್ಯ ನನಗೂ ಲೋಟ ಚಾಚಿದರು.
'ಸಕ್ಕರೆ ಬೇಡ ನನಗೆ,' ಎಂದೆ.
'ಏನು?'
ಒಳಗಿನಿಂದ ಚೋಂದವ್ವ, ತಲೆ ಎತ್ತದೆ:
'ಬೆಲ್ಲ ಬೇಡವಂತೆ.'